ಹೊಸ ಬುಟ್ಟಿಗೆ ಕಸ ಸಿಗಲಿಲ್ಲ

ಸರ್ಕಾರಿ ಕಚೇರಿಯಲ್ಲಿ ನಗುವಂಥದ್ದು ನಡೆಯುವಾಗ ಯಾರೂ ನಗುವುದಿಲ್ಲ, ಗಂಭೀರವಾಗಿ ಸಹಿ ಮಾಡುತ್ತಾರೆ. ಅದಕ್ಕೇ ಅಂಥವು ಮತ್ತೆ ಮತ್ತೆ ನಡೆಯುತ್ತವೆ ಅನಿಸುತ್ತದೆ. ಬೈಲಹೊಂಗಲದಿಂದ ದಿನಾ ಬಸ್ಸಿಗೆ ಹೋಗಿ ನಾನು ಗುತ್ತಿಗೆ ಮೇಲೆ ದುಡಿಯುವ ಕಚೇರಿಗೆ 'ಪರಿಸರ ನಿರ್ವಹಣಾ ವ್ಯವಸ್ಥೆ' ಬಂತು. ನೀರು, ಕರೆಂಟು, ಕಾಗದ, ಕಸ ಎಲ್ಲಕ್ಕೂ ಒಂದು ಪದ್ಧತಿ ಇರಬೇಕು, ಹೊರಗಿನವರು ಬಂದು ಅದನ್ನು ತಪಾಸಣೆ ಮಾಡಬೇಕು. ಫೈಲು ನನ್ನ ಪಾಲಿಗೆ ಬಂತು. ನಾನು ಇಂಗ್ಲಿಷ್ ಮೀಡಿಯಂ, ಅದೂ ಅಲ್ಲದೆ ಒಲ್ಲೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

೧. ಬುಟ್ಟಿ

ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಬುಟ್ಟಿಗಳು ಬಂದವು. ಹೆಡ್ ಕ್ಲಾರ್ಕ್ ಸಾಹೇಬರು ಅವನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸಿ, ರೆಕಾರ್ಡ್ ರೂಮಿನಲ್ಲಿಟ್ಟು ಕೀಲಿ ಹಾಕಿದರು. ಯಾಕೆಂದು ಮೆಲ್ಲಗೆ ಕೇಳಿದೆ.

"ಹೊಸಾವ ಅದಾವ ಯವ್ವಾ. ಕಸಾ ಹಾಕಿದ್ರ ಹೊಲಸ ಆಗತಾವ."

ಕಸ ಗುಡಿಸಲು ಮುನವಳ್ಳಿಯಿಂದ ಬರುವ ಅಕ್ಕ ಮಾತ್ರ ಹಿತ್ತಲಲ್ಲಿ ಎರಡು ಗೊಬ್ಬರದ ಚೀಲ ಕಟ್ಟಿ, ಹಸಿ ಬೇರೆ ಒಣ ಬೇರೆ ಮಾಡುತ್ತಿದ್ದಳು. ಅದು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ.

೨. ಬಾಯಿಪಾಠ

ತಪಾಸಣೆಯ ದಿನ ಗೊತ್ತಾಯಿತು. 'ಪರಿಸರ ನೀತಿ' ಎಂಬ ಒಂದು ಪುಟ ಎಲ್ಲರಿಗೂ ಬಾಯಿಪಾಠ ಬರಬೇಕೆಂದು ಹುಕುಂ ಆಯಿತು. ಅಕ್ಕನಿಗೆ ಓದಲು ಬಾರದು. ತಪಾಸಣೆಗೆ ಬಂದವರ ಮುಂದೆ ತಪ್ಪಿದರೆ ಮುಂದಿನ ತಿಂಗಳಿನಿಂದ ಓದುಬರಹ ಬಲ್ಲವರನ್ನು ಇಟ್ಟುಕೊಳ್ಳುತ್ತೇವೆಂದು ಹೆಡ್ ಕ್ಲಾರ್ಕ್ ಹೇಳಿಯೇಬಿಟ್ಟರು. ಅವತ್ತು ಅಕ್ಕ ಬುತ್ತಿ ಬಿಚ್ಚಲಿಲ್ಲ.

ಹಿತ್ತಲಲ್ಲಿ ಕೂತು ನಾನೇ ಓದಿ ಕಲಿಸಲು ಹೋದೆ. 'ಸಂಪನ್ಮೂಲಗಳ ಸುಸ್ಥಿರ ಸದ್ಬಳಕೆ' ಎಂಬಲ್ಲಿ ನನ್ನ ನಾಲಿಗೆ ಮೂರು ಸಲ ಎಡವಿತು. ಅಕ್ಕ ನನ್ನ ಮುಖ ನೋಡಿದಳು.

"ಬಾಯಾರ, ಹಂಗಾರ ನಿಮ್ಮನ್ನೂ ಕೆಲಸದಿಂದ ತಗೀತಾರೇನ್ರಿ?"

೩. ತಪಾಸಣೆ

ಆ ದಿನ ಬುಟ್ಟಿಗಳು ಹೊರಗೆ ಬಂದವು. ಚಂದ ಕಾಣಲೆಂದು ಅಕ್ಕನ ಚೀಲಗಳನ್ನು ಬೆಳಿಗ್ಗೆಯೇ ಕಸದ ಗಾಡಿಗೆ ಹಾಕಿ ಕಳಿಸಿದ್ದರು. ಬೆಳಗಾವಿಯಿಂದ ಬಂದ ಅಧಿಕಾರಿ ಚಹಾ ಕುಡಿದು, ಅಂಗಳ ಸುತ್ತಿ, ಬುಟ್ಟಿಗಳಲ್ಲಿ ಇಣುಕಿದರು. ಎಲ್ಲವೂ ಖಾಲಿ. ಕಸ ಎಲ್ಲಿ ಎಂದರು. ನಮ್ಮಲ್ಲಿ ಕಸ ಆಗುವುದೇ ಇಲ್ಲ ಎಂದು ಹೆಡ್ ಕ್ಲಾರ್ಕ್ ಕೈ ಕಟ್ಟಿ ಹೇಳಿದರು. ಹಾಗಾದರೆ ನಾನು ಬಂದದ್ದು ಯಾಕೆ ಎಂದ ಅಧಿಕಾರಿ, ಅಕ್ಕನ ಕಡೆ ತಿರುಗಿ ಪರಿಸರ ನೀತಿ ಕೇಳಿದರು.

ಅಕ್ಕ ಕಸಬರಿಗೆ ಹಿಡಿದು ನಿಂತಿದ್ದಳು. ನಾನು ನೆಲ ನೋಡಿದೆ.

"ಅದು ನನಗ ಬರೂದಿಲ್ರಿ ಸಾಹೇಬ್ರ," ಎಂದಳು. "ಆದ್ರ ನೀವು ಚಹಾ ಕುಡದ ಕಾಗದದ ಕಪ್ಪು ಕಿಡಕ್ಯಾಗ ಇಟ್ಟ ಬಂದೀರಿ. ಅದನ್ನ ತಂದು ಈ ನೀಲಿ ಬುಟ್ಟ್ಯಾಗ ಹಾಕ್ರಿ. ಒಳಗ ಚಹಾ ಉಳದಿದ್ರ ಮೊದಲ ಗಿಡಕ್ಕ ಚೆಲ್ರಿ."

ಅಧಿಕಾರಿ ಹೋಗಿ ಕಪ್ಪು ತಂದರು, ಚೆಲ್ಲಿದರು, ಹಾಕಿದರು. ಆಮೇಲೆ ವರದಿಯಲ್ಲಿ ಒಂದೇ ಸಾಲು ಬರೆದರು: ಪದ್ಧತಿ ಗೊತ್ತಿರುವುದು ಈಕೆಗೆ ಮಾತ್ರ, ಉಳಿದ ಸಿಬ್ಬಂದಿಗೆ ಈಕೆಯಿಂದಲೇ ತರಬೇತಿ ಕೊಡಿಸತಕ್ಕದ್ದು.

ಸೋಮವಾರ ಎಲ್ಲರೂ ನೋಟ್‌ಬುಕ್ಕು ಹಿಡಿದು ಕೂತರು, ಹೆಡ್ ಕ್ಲಾರ್ಕ್ ಮುಂದಿನ ಕುರ್ಚಿಯಲ್ಲಿ. ಅಕ್ಕ ಸೆರಗು ಸರಿಮಾಡಿಕೊಂಡು ಎಲ್ಲರನ್ನೂ ಒಂದು ಸಲ ನೋಡಿದಳು.

"ಬರಕೊಳ್ಳೂದು ಆಮ್ಯಾಲಿರಲ್ರಿ. ಮೊದಲ ನಿಮ್ಮ ನಿಮ್ಮ ಟೇಬಲ್ಲಿನ ಡ್ರಾವರ್ ತಗೀರಿ. ಅದರಾಗ ಏನೇನ ಕಸಾ ತುರುಕೀರಿ, ನನಗ ಗೊತ್ತೈತಿ."