ಕೆಟ್ಟರೆ ಬರೋರು ಯಾರು?

ಹೆದರಿಕೊಂಡು ಕೆಲಸ ಮಾಡುವವನ ಸುತ್ತಲೇ ನಗುವಂಥ ಸಂಗತಿಗಳು ಹೆಚ್ಚು ನಡೆಯುತ್ತವೆ. ನಡೆಯುವಾಗ ಮಾತ್ರ ಅವನಿಗೆ ನಗು ಬರುವುದಿಲ್ಲ.

ನಾನು ಹೊಸಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಲಗ್ನಪತ್ರಿಕೆಯೇ ನಮ್ಮ ಮುಖ್ಯ ಕೆಲಸ. ತೊಂಬತ್ತರ ದಶಕದಲ್ಲಿ ಒಂದು ದಿನ ಸಾಹುಕಾರರು, "ಮೊಳಿ ಸಾಕು, ಕಂಪ್ಯೂಟರ್ ತರೋಣ. ನೀನ ಕಲಿ" ಅಂದರು. ಕಲಿಯದಿದ್ದರೆ ಕೆಲಸ ಹೋಗುತ್ತದೆ, ಕಲಿಯಲು ಹೋಗಿ ಕೆಡಿಸಿದರೆ ಅವತ್ತೇ ಹೋಗುತ್ತದೆ. ಸಾಹುಕಾರರಿಗೂ ಒಳಗೊಳಗೇ ಪುಕುಪುಕು. ಆಗ ಬಿಡಿಭಾಗ ತಂದು, ನಮಗೆ ಬೇಕಾದ ಹಾಗೆ ಕಂಪ್ಯೂಟರ್ ಜೋಡಿಸಿ ಕೊಡುವವರು ಅಲ್ಲಲ್ಲಿ ಹುಟ್ಟಿಕೊಂಡಿದ್ದರು. ಅದು ಹೇಗೆ ಓಡುತ್ತದೆ ಎಂದು ನಾವು ಕೇಳಲೇ ಇಲ್ಲ. ನಿಂತರೆ ಯಾರು ಓಡಿ ಬರುತ್ತಾರೆ, ಅದೊಂದೇ ಚಿಂತೆ.

೧. ಮನೆಯವನ ಹಾಗೆ

ಮೊದಲು ಬಂದವರು ಬಳ್ಳಾರಿಯವರು. "ಫೋನ್ ಇಟ್ಟು ನೀವು ಚಾ ಕುಡಿಯೋದರಾಗ ನಮ್ಮ ಮೆಕ್ಯಾನಿಕ್ ಇಲ್ಲಿರ್ತಾನ್ರಿ. ಬೇಕಾದ್ರ ಕಂಪ್ಲಿ ರೈಸ್‌ಮಿಲ್ಲಿನವರನ್ನ ಕೇಳ್ರಿ" ಅಂದರು.

ಕೇಳಲು ನಾವಿಬ್ಬರೂ ಕಂಪ್ಲಿಗೇ ಹೋದೆವು. ಮಿಲ್ಲಿನ ಯಜಮಾನರು ಮಿರ್ಚಿ, ಮಂಡಕ್ಕಿ ತರಿಸಿ ಮಾತಾಡಿದರು.

"ಸರ್ವೀಸಾ? ಭಾಳ ಚಲೋ ರೀ! ಆ ಮೆಕ್ಯಾನಿಕ್ ನಮ್ಮ ಮನಿಯವನ ಹಂಗ ಆಗ್ಯಾನ. ವಾರಕ್ಕ ಐದು ದಿನ ಇಲ್ಲೇ ಊಟ. ಅವಗ ಖಾರ ಆಗೂದಿಲ್ಲಂತ ನಮ್ಮಾಕಿ ಸಾರು ಬ್ಯಾರೆ ಮಾಡ್ತಾಳ."

ಖುಷಿಯಿಂದ ಬಸ್ ಹತ್ತಿದೆವು. ಬುಕ್ಕಸಾಗರ ದಾಟಿದ ಮೇಲೆ ಸಾಹುಕಾರರ ಮುಖ ಬಿಳಿಚಿಕೊಂಡಿತು. ನನ್ನ ತೊಡೆ ಗಟ್ಟಿಯಾಗಿ ಹಿಡಿದು ಕೇಳಿದರು:

"ಲೇ, ಕಂಪ್ಯೂಟರ್ ಚಲೋ ಇದ್ರ ಅಂವ ವಾರಕ್ಕ ಐದು ದಿನ ಅಲ್ಲಿ ಯಾಕ ಉಣ್ತಾನ?"

೨. ಢಂ

ಎರಡನೆಯವರು ದೋಣಿಮಲೈ ಗಣಿಯ ಎಲೆಕ್ಟ್ರಿಷಿಯನ್. ಡ್ಯೂಟಿ ಇಲ್ಲದಾಗ ಕ್ವಾರ್ಟರ್ಸಿನಲ್ಲೇ ಕಂಪ್ಯೂಟರ್ ಜೋಡಿಸುತ್ತಿದ್ದರು. ನಾವು ಅಲ್ಲಿಗೇ ಹೋದೆವು. ಒಳ್ಳೆಯ ಮನುಷ್ಯ. ನಮ್ಮೆದುರಿಗೇ ಡಬ್ಬಿಯ ಮುಚ್ಚಳ ತೆಗೆದು ಒಂದೊಂದೇ ಭಾಗ ತೋರಿಸಿದರು. ಒಳಗಿನ ವೈರು ನೋಡಿಯೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹೆದರಬ್ಯಾಡ್ರಿ. ಸಾವ್ಕಾರ್ರ, ನೀವ ನಿಮ್ಮ ಕೈಲೆ ಆನ್ ಮಾಡ್ರಿ" ಅಂದರು.

ಸಾಹುಕಾರರು ಮನೆದೇವರನ್ನು ನೆನೆದು, ಕಣ್ಣು ಮುಚ್ಚಿ, ತೋರುಬೆರಳಿನಿಂದ ಗುಂಡಿ ಒತ್ತಿದರು.

ಢಂ! ಕಿಟಕಿಯ ಗಾಜು ಗಡಗಡ ಎಂದಿತು. ನಾನು ಮಂಚದ ಕೆಳಗೆ. ಸಾಹುಕಾರರು ಒಂದೇ ಚಪ್ಪಲಿಯಲ್ಲಿ ಬೀದಿಯಲ್ಲಿ.

ಎಲೆಕ್ಟ್ರಿಷಿಯನ್ ಬಾಗಿಲಿಗೆ ಬಂದು ಸಮಾಧಾನ ಹೇಳಿದರು. "ಬರ್ರಿ ಒಳಗ. ಅದು ಕಂಪ್ಯೂಟರ್ ಅಲ್ರೀ. ಗುಡ್ಡದಾಗ ಬ್ಲಾಸ್ಟಿಂಗು. ದಿನಾ ಇದ ಹೊತ್ತಿಗೆ ಹೊಡೀತಾರ."

ಸಾಹುಕಾರರು ಬೀದಿಯಿಂದಲೇ ಕೂಗಿದರು: "ಗುಡ್ಡಾನ ಒಡಿಯೋ ಮಂದಿ ನೀವು. ನಮ್ಮ ಪ್ರೆಸ್ಸು ಭಾಳ ಸಣ್ಣದೈತ್ರಿ!"

೩. ಪರೀಕ್ಷೆ

ಮೂರನೆಯವರು ನಮ್ಮ ಊರಿನವರೇ. ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತ, ತಾವೇ ಜೋಡಿಸಿಯೂ ಕೊಡುತ್ತಿದ್ದ ಹೆಣ್ಣುಮಗಳು. ದೊಡ್ಡ ಮಾತಿಲ್ಲ. "ಮೊದಲು ಫೋನಿನಾಗ ಹೇಳ್ತೀನಿ. ಆಗಲಿಲ್ಲಂದ್ರ ಬರ್ತೀನಿ" ಅಂದರು, ಅಷ್ಟೆ.

ಸಾಹುಕಾರರಿಗೆ ನಂಬಿಕೆ ಬರಲಿಲ್ಲ. ಆ ಹೆಣ್ಣುಮಗಳ ಕಡೆ ಕಂಪ್ಯೂಟರ್ ಕೊಂಡವರೊಬ್ಬರು ಗಾದಿಗನೂರಿನಲ್ಲಿದ್ದರು. ಅವರ ಹೆಸರಲ್ಲಿ ಕರೆ ಮಾಡಿ ಪರೀಕ್ಷಿಸಬೇಕೆಂದು ಫೋನ್ ತಿರುಗಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸಾಹುಕಾರರು ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು ದಪ್ಪ ದನಿಯಲ್ಲಿ ಶುರು ಮಾಡಿದರು.

"ಗಾದಿಗನೂರಿನಿಂದ್ರಿ. ಕಂಪ್ಯೂಟರ್ ಕೆಟ್ಟೈತಿ, ಜಲ್ದಿ ಬರ್ರಿ."

ಆ ಕಡೆಯಿಂದ ತಣ್ಣಗಿನ ದನಿ ನನಗೂ ಕೇಳಿಸಿತು:

"ಬರ್ತೀನ್ರಿ ಪ್ರೆಸ್ಸಿನ ಸಾವ್ಕಾರ್ರ. ಆದ್ರ ನೀವಿನ್ನೂ ತಗೊಳ್ಳದ ಇರೋ ಕಂಪ್ಯೂಟರ್ ಹೆಂಗ ಕೆಟ್ಟಿತ್ರಿ?"

ಗಿರಾಕಿಯ ದನಿ ಇಷ್ಟು ನೆನಪಿಡುವವರು ಕೈ ಬಿಡುವುದಿಲ್ಲ ಎಂದು ಸಾಹುಕಾರರು ಅವತ್ತೇ ಒಪ್ಪಿಕೊಂಡುಬಿಟ್ಟರು.

೪. ಬಲಕ್ಕ ತಿರುವ್ರಿ

ಕಂಪ್ಯೂಟರ್ ಬಂದು ತಿಂಗಳಾಗಿತ್ತು. ಅವತ್ತು ಸಾಹುಕಾರರು ಊರಲ್ಲಿರಲಿಲ್ಲ. ಮಲಪನಗುಡಿಯ ಒಬ್ಬರು ಮಗಳ ಲಗ್ನಪತ್ರಿಕೆಗಾಗಿ ಬೆಂಚಿನ ಮೇಲೆ ಕೂತಿದ್ದರು. ಸಂಜೆಯ ಬಸ್ಸಿಗೆ ಪತ್ರಿಕೆ ಹಂಚಲು ಹೊರಡಬೇಕು. ನಾನು ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಪರದೆಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಪರದೆ ಕಪ್ಪು. ಪರದೆಯ ಸ್ವಿಚ್ಚನ್ನು ಎರಡು ಸಲ, ಮೂರು ಸಲ ಆರಿಸಿ ಹಚ್ಚಿದೆ. ಕಪ್ಪೇ.

ಕೆಲಸ ಹೋಯಿತು ಅಂದುಕೊಂಡೆ. ಬೆಂಚಿನವರು ಎದ್ದು ಬಂದು ಇಣುಕಿ, ನನಗಿಂತ ಹೆಚ್ಚು ಹೆದರಿದರು.

"ನಮ್ಮ ಹುಡುಗಿ ಹೆಸರು ಒಳಗ ಐತೋ ಇಲ್ಲೋ? ಹಿಂಗ ಕಪ್ಪಾದ್ರ ಲಗ್ನಕ್ಕ ಏನರ ತೊಂದ್ರಿ ಐತೇನ್ರಿ?"

ನಮ್ಮ ಫೋನು ಎರಡು ದಿನದಿಂದ ಸತ್ತಿತ್ತು. ಎದುರಿನ ಎಸ್‌ಟಿಡಿ ಬೂತಿನವನಿಗೆ ಕೂಗಿ ಹೇಳಿದೆ. ಅವನು ಕಂಪ್ಯೂಟರ್ ಜೋಡಿಸಿಕೊಟ್ಟ ಆ ಅಕ್ಕನಿಗೆ ಫೋನ್ ಹಚ್ಚಿ, ರಿಸೀವರ್ ಕಿವಿಗಿಟ್ಟುಕೊಂಡು ಬಾಗಿಲಲ್ಲಿ ನಿಂತ. ಅವರು ಹೇಳಿದ್ದನ್ನು ರಸ್ತೆಯಾಚೆಯಿಂದ ನನಗೆ ಕೂಗತೊಡಗಿದ.

"ಲೈಟ್ ಹತ್ತೈತೇನಂತ!"

"ಹತ್ತೈತಿ! ಪರದಿ ಒರಸಿದೆ, ಅಷ್ಟ!"

"ಒರಸುವಾಗ ಬೆಳಕಿನ ಗುಂಡಿ ತಿರುಗಿರಬೇಕಂತ! ಪರದಿ ಕೆಳಗ ಐತಂತ!"

ಹುಡುಕಿದೆ. ಇತ್ತು. ಯಾವ ಕಡೆ ತಿರುವಬೇಕೆಂದು ಕೂಗಿ ಕೇಳಿದೆ.

ಅದೇ ಹೊತ್ತಿಗೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ನಮ್ಮ ಓಣಿಗೆ ತಪ್ಪಿ ಬಂದು, ಮುಂದೆ ದಾರಿ ಇಲ್ಲದೆ ಹಿಂದಕ್ಕೆ ಬರುತ್ತಿತ್ತು. ಡ್ರೈವರ್ ಯಾರಾದರೂ ದಾರಿ ಹೇಳಿಯಾರೇ ಎಂದು ಕತ್ತು ಹೊರಳಿಸಿ ನೋಡುತ್ತಿದ್ದ. ಬೂತಿನವನು ಕೈ ಬೀಸಿ ಬೀಸಿ ಕೂಗುತ್ತಿದ್ದ.

"ಬಲಕ್ಕ ತಿರುವ್ರಿ!"

ನಾನು ತಿರುವಿದೆ. ಡ್ರೈವರೂ ತಿರುವಿದ.

"ಇನ್ನೂ ತಿರುವ್ರಿ! ಹೆದರಬ್ಯಾಡ್ರಿ! ಪೂರಾ ತಿರುವ್ರಿ!"

ಪೂರಾ ತಿರುವಿದೆ. ಪರದೆಯ ಮೇಲೆ ಮದುಮಗಳ ಹೆಸರು ಫಳ್ ಎಂದು ಮೂಡಿತು. ಬೆಂಚಿನವರು ಕೈ ಮುಗಿದರು. ಅಷ್ಟರಲ್ಲಿ ಹಿಂದಿನಿಂದ ಧಡ್ ಎಂಬ ಸದ್ದು. ತಿರುಗಿ ನೋಡಿದರೆ ಮೆಟ್ಟಿಲು ಮುರಿದಿದೆ, ಟ್ರೇಲರ್ ಬಾಗಿಲಿಗೆ ಆತುಕೊಂಡಿದೆ, ಬೆಂಚಿನ ತನಕ ಬರೀ ಕಬ್ಬು. ಪುಣ್ಯಕ್ಕೆ ಯಾರಿಗೂ ಏಟಾಗಿರಲಿಲ್ಲ.

ಫೋನಿನಲ್ಲಿ ಅಕ್ಕ, "ಏನಾತು, ಬಂತೇನ್ರಿ?" ಎಂದು ಕೇಳಿರಬೇಕು. ಬೂತಿನವನ ಉತ್ತರ ಓಣಿಗೆಲ್ಲ ಕೇಳಿಸಿತು:

"ಬಂತ್ರೀ ಅಕ್ಕಾರ! ಅಕ್ಷರನೂ ಬಂದ್ವು, ಟ್ರ್ಯಾಕ್ಟರೂ ಒಳಗ ಬಂತು! ಈಗ ಎಡಕ್ಕ ಎಷ್ಟು ತಿರುವಬೇಕು ಹೇಳ್ರಿ!"