ಬರಿಗೈಯಲ್ಲಿ ಗುಡ್ಡ ಹತ್ತಬಾರದು

ನಾನು ಓದು ನಿಲ್ಲಿಸಿದ್ದು ೧೯೮೫ರಲ್ಲಿ, ಒಂಬತ್ತನೇ ಕ್ಲಾಸಿನ ನಟ್ಟನಡುವೆ. ನಾನು ಓದನ್ನು ಬಿಟ್ಟೆನೋ ಓದು ನನ್ನನ್ನು ಬಿಟ್ಟಿತೋ ಎಂಬ ವಿಷಯದಲ್ಲಿ ನನಗೂ ನಮ್ಮ ಗಣಿತದ ಮಾಷ್ಟ್ರಿಗೂ ಕೊನೆಯವರೆಗೂ ಒಮ್ಮತ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಡಿಗ್ರಿ ಇದ್ದವರ ವಿಚಿತ್ರ ಅಭ್ಯಾಸಗಳಿಗೆ ಜನ ಏನಾದರೂ ದೊಡ್ಡ ಹೆಸರಿಡುತ್ತಾರೆ, ನಮ್ಮಂಥವರ ಅಭ್ಯಾಸಕ್ಕೆ ಹುಚ್ಚು ಎನ್ನುತ್ತಾರೆ. ನನ್ನ ಹುಚ್ಚು ಇಷ್ಟೇ: ಮೆಟ್ಟಿಲಿರಲಿ, ಲಿಫ್ಟಿರಲಿ, ಮೇಲೆ ಹೋಗುವಾಗ ನನಗೆ ಬರಿಗೈಯಲ್ಲಿ ಹೋಗಲು ಆಗುವುದಿಲ್ಲ. ಕೈಯಲ್ಲಿ ಏನಾದರೂ ಬೇಕು. ನನ್ನದೇ ಆಗಬೇಕೆಂದಿಲ್ಲ.

ಬಹರೇನಿನ ಬುಸೈತೀನಿನಲ್ಲಿ ನಾವಿರುವ ಕಟ್ಟಡದ ಕೆಳಗೆ, ಲಿಫ್ಟಿನ ಪಕ್ಕ, ಅವರಿವರ ಸಾಮಾನು ಬಂದು ಬಿದ್ದಿರುತ್ತದೆ. ನೀರಿನ ಬಾಟಲಿಯ ಕಟ್ಟು, ಅಕ್ಕಿಯ ಚೀಲ, ಫೋನಿನಲ್ಲಿ ತರಿಸಿದ ರಟ್ಟಿನ ಡಬ್ಬ. ಸಂಜೆ ಅಂಗಡಿಯಿಂದ ಬರುವಾಗ ನಾನು ಅವುಗಳ ಮೇಲಿನ ಫ್ಲಾಟ್ ನಂಬರು ನೋಡಿ ಎತ್ತಿಕೊಂಡು, ಅವರವರ ಬಾಗಿಲಲ್ಲಿಟ್ಟು, ಬೆಲ್ ಒತ್ತಿ ನಮ್ಮ ಮನೆಗೆ ಹೋಗುತ್ತೇನೆ. ಇದರಿಂದ ಯಾರಿಗೂ ಸಂತೋಷವಾದಂತೆ ಕಾಣಲಿಲ್ಲ. ಕೆಳಗೆ ಹುಡುಕುವವರಿಗೆ ಸಾಮಾನು ಕಾಣೆಯಾಗಿರುತ್ತಿತ್ತು, ಮೇಲೆ ಇದ್ದವರಿಗೆ ಬಾಗಿಲು ತೆಗೆದರೆ ಯಾರೂ ಇರುತ್ತಿರಲಿಲ್ಲ. ಕಳೆದ ವರ್ಷ ನಾಲ್ಕನೇ ಮಹಡಿಯ ಈಜಿಪ್ಟಿನ ಟೀಚರಮ್ಮ ಒಂದು ಗಂಟು ಕಟ್ಟಿದ ಚೀಲವನ್ನು ಲಿಫ್ಟಿನ ಬಳಿ ಇಟ್ಟು, ಕಾರಿನ ಹತ್ತಿರ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದರು. ಪಾಪ, ತರಕಾರಿ ಹೊತ್ತು ಸುಸ್ತಾಗಿರಬೇಕು ಎಂದುಕೊಂಡು ಅದನ್ನು ನಾಲ್ಕನೇ ಮಹಡಿಗೆ ಕೊಂಡೊಯ್ದು ಅವರ ಬಾಗಿಲಲ್ಲಿಟ್ಟು ಬಂದೆ. ಅದು ಅವರು ಹೊರಗೆ ಎಸೆಯಲು ತಂದ ಕಸ.

ಮರುದಿನ ಕಟ್ಟಡ ಕಾಯುವ ನಾತೂರ್ ಕಮಾಲ್ ಭಾಯಿ ನನ್ನನ್ನು ತಡೆದು ಬಹಳ ವಿನಯದಿಂದ ಹಿಂದಿಯಲ್ಲಿ ಕೇಳಿದ, "ಸೇಠ್, ನನ್ನ ಕೆಲಸದ ಮೇಲೆ ನಿಮಗೇನಾದರೂ ಕಣ್ಣಿದೆಯಾ?" ಹೆಂಡತಿ ವಿನೋದ ಅಷ್ಟು ವಿನಯ ತೋರಿಸಲಿಲ್ಲ. "ಮೂವತ್ತು ವರ್ಷ ಬೆವರು ಸುರಿಸಿ ಎ.ಸಿ. ಅಂಗಡಿ ಮಾಡಿದ್ದು ಊರವರ ಕಸ ಮೇಲೆ ಹೊರ್ಲಿಕ್ಕಾ? ನಾಳೆಯಿಂದ ಎರಡೂ ಕೈ ಕಿಸೆಯಲ್ಲಿಟ್ಟುಕೊಂಡು ಬನ್ನಿ ಮಾರಾಯ್ರೆ" ಎಂದಳು. ಇಟ್ಟುಕೊಂಡು ನೋಡಿದೆ. ಲಿಫ್ಟಿನಲ್ಲಿ ಏನೋ ಕದ್ದವನ ಹಾಗೆ ನಿಂತಿದ್ದೆ.

ಈ ಹುಚ್ಚು ಹತ್ತಿದ್ದು ಮುಂಬಯಿಯಲ್ಲಿ, ಘಾಟ್ಕೋಪರಿನ ಆಚೆಯ ಒಂದು ಗುಡ್ಡದ ಮೇಲೆ. ಶಾಲೆ ಬಿಟ್ಟವನು ಫ್ರಿಜ್ ಮೆಕ್ಯಾನಿಕನೊಬ್ಬನ ಹೆಲ್ಪರ್ ಆಗಿ ಆ ಊರು ಸೇರಿದೆ. ಮಲಗಲು ಸಿಕ್ಕಿದ್ದು ಗುಡ್ಡದ ತುದಿಯ ಬಂಡೆಗೆ ಒರಗಿಸಿ ಕಟ್ಟಿದ ತಗಡಿನ ಖೋಲಿ. ನಮ್ಮ ಕಡೆಯವರೇ ಆರೇಳು ಜನ. ಆ ಗುಡ್ಡದಲ್ಲಿ ಯಾವ ಮನೆಗೂ ಸರ್ಕಾರದ ಕಾಗದ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಒಬ್ಬರ ಮಾಡು ಇನ್ನೊಬ್ಬರ ಅಂಗಳದ ಮಟ್ಟಕ್ಕಿತ್ತು. ನೀರು, ಸೀಮೆಎಣ್ಣೆ, ಹಿಟ್ಟು ಎಲ್ಲ ಕೆಳಗಿನಿಂದಲೇ ಬರಬೇಕು. ಗುಡ್ಡದ ಬುಡದಲ್ಲಿ ಒಂದು ಹಿಟ್ಟಿನ ಗಿರಣಿ. ಅದರ ಎದುರಿನ ಕಟ್ಟೆಯಲ್ಲಿ ಜನ ತಮ್ಮ ಸಾಮಾನು ಇಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಒಬ್ಬೊಬ್ಬರ ಮನೆಗೆ ಒಂದೊಂದು ಬಣ್ಣದ ಬಟ್ಟೆಯ ಚೂರು, ಅದನ್ನು ಚೀಲಕ್ಕೋ ಡಬ್ಬಕ್ಕೋ ಕಟ್ಟಿದರೆ ಮುಗಿಯಿತು. ಹತ್ತುವವನು ತನ್ನ ದಾರಿಯಲ್ಲಿ ಬರುವ ಮನೆಯ ಹೊರೆಯನ್ನು ಎತ್ತಿಕೊಂಡು ಹೋಗಿ ಹೊಸ್ತಿಲಲ್ಲಿಟ್ಟು ಮುಂದೆ ನಡೆಯಬೇಕು. ಉಪಕಾರ ಎನ್ನುವ ಮಾತಿಲ್ಲ. ಇವತ್ತು ನೀನು ಅವಳ ಹಿಟ್ಟು ಹೊತ್ತರೆ ನಾಳೆ ನಿನ್ನ ಅಕ್ಕಿ ಯಾರದೋ ತಲೆಯ ಮೇಲೆ ಬರುತ್ತದೆ. ಯಾರಾದರೂ ಕೈ ಬೀಸಿಕೊಂಡು ಹತ್ತಲು ಹೊರಟರೆ ಗಿರಣಿಯ ಮುದುಕ ಹಿಟ್ಟು ಮೆತ್ತಿದ ರೆಪ್ಪೆ ಎತ್ತಿ, "ಕಾಯ್ ರೇ, ಹಾತ್ ರಿಕಾಮೇ?" ಎಂದು ಕೇಳುತ್ತಿದ್ದ. ಕೈ ಖಾಲಿಯಾ ಎಂದು. ಅಷ್ಟು ಕೇಳಿಸಿಕೊಂಡವನು ಮತ್ತೆ ಜೀವಮಾನದಲ್ಲಿ ಖಾಲಿ ಕೈಯಲ್ಲಿ ಹತ್ತಲಾರ.

ಅಲ್ಲಿಂದ ನಾನು ಬಂದದ್ದು ಜಗತ್ತಿನ ಅತ್ಯಂತ ಚಪ್ಪಟೆ ಜಾಗಕ್ಕೆ. ಬಹರೇನಿನ ಮೇಲೆ ನನಗೆ ದೂರಿಲ್ಲ. ಅನ್ನ ಕೊಟ್ಟ ನೆಲ. ಆದರೆ ದೇವರು ಇದನ್ನು ಚಪಾತಿಯ ಹಾಗೆ ಲಟ್ಟಿಸಿಬಿಟ್ಟಿದ್ದಾನೆ. ಬೆಟ್ಟ ಅಂತ ಹೆಸರಿರುವುದು ಮರಳುಗಾಡಿನ ನಡುವೆ ಒಂದಿದೆ. ನಮ್ಮ ಕಾರ್ಕಳದ ಕಡೆಯವರು ಅದನ್ನು ಕಂಡರೆ ದಿಬ್ಬ ಎಂದಾರು, ಅದೂ ಮರ್ಯಾದೆಗೆ. ಹಾಗಾಗಿ ನಾನು ಸನದ್ ಎಂಬಲ್ಲಿರುವ ನನ್ನ ಅಂಗಡಿಯಿಂದ ಮನೆಗೆ ಬರುವಾಗ ಸೇತುವೆಯ ಏರಿನಲ್ಲಿ ವ್ಯಾನನ್ನು ಸ್ವಲ್ಪ ನಿಧಾನ ಮಾಡುತ್ತೇನೆ. ಒಂದು ಕ್ಷಣ ಗುಡ್ಡ ಹತ್ತಿದ ಹಾಗಾಗುತ್ತದೆ. ಅಷ್ಟರಲ್ಲಿ ಹಿಂದಿನವನು ಹಾರ್ನ್ ಹಾಕುತ್ತಾನೆ, ಇಳಿಯುತ್ತೇನೆ.

ಕಳೆದ ಚಳಿಗಾಲದಲ್ಲಿ ವಿನೋದಳ ತಂಗಿಯ ಮಗಳ ಮದುವೆಗೆ ಮುಂಬಯಿಗೆ ಹೋಗುವುದೆಂದಾಯಿತು. ನಮ್ಮ ಮಗಳು ಅನ್ವಿತಾ ಇಲ್ಲಿನ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾಳೆ, ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ಅವಳು ಫೋನ್ ತಂದು ನನ್ನ ಮೂಗಿಗೆ ಹಿಡಿದಳು. "ಪಪ್ಪ, ಇದು ನಿಮ್ಮ ಹಿಲ್ ಅಲ್ವಾ? ಎಲ್ಲಾ ಮನೆಗೆ ಪೇಂಟ್ ಮಾಡಿದ್ದಾರೆ. ಗೈಡೆಡ್ ವಾಕ್ ಉಂಟು. ಬುಕ್ ಮಾಡ್ಲಾ?"

ನೀಲಿ, ಗುಲಾಬಿ, ಹಳದಿ. ಗುಡ್ಡ ಮದುಮಗಳ ಹಾಗೆ ಕೂತಿತ್ತು. ಆದರೆ ಬಂಡೆ ಅದೇ. "ನನ್ನ ಮನೆಗೆ ಹೋಗ್ಲಿಕ್ಕೆ ನನಗೆ ದಾರಿ ತೋರಿಸುವವರು ಬೇಕಾ?" ಎಂದೆ.

"ಮನೆ ಅಂತೆ" ಎಂದಳು ವಿನೋದ. "ನನ್ನನ್ನು ಕರೀಬೇಡಿ. ರೇಷ್ಮೆ ಸೀರೆಗೂ ಗುಡ್ಡಕ್ಕೂ ಆಗಿ ಬರುದಿಲ್ಲ."

ಮದುವೆಯ ಮರುದಿನ ಬೆಳಿಗ್ಗೆ ಅಪ್ಪ ಮಗಳು ಹೊರಟೆವು. ನಾನು ಇಸ್ತ್ರಿ ಮಾಡಿದ ಪ್ಯಾಂಟು, ಹೊಸ ಬೂಟು, ಕರಿ ಕನ್ನಡಕ, ತಲೆಗೊಂದು ಟೊಪ್ಪಿ ಹಾಕಿದ್ದೆ. ಹರಕು ಚಪ್ಪಲಿಯಲ್ಲಿ ಇಳಿದವನು ಹೀಗೆ ಹತ್ತುತ್ತಿದ್ದಾನೆ ಎಂದು ಯಾರಾದರೂ ನೋಡಲಿ ಎಂಬ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು, ಅದನ್ನು ಮಗಳಿಗೂ ಹೇಳಿರಲಿಲ್ಲ. ಯಾರಾದರೂ ನನ್ನನ್ನು ತಡೆದು ಕೈ ಖಾಲಿಯಾ ಎಂದು ಕೇಳಬೇಕು, ಕೇಳಿ ಒಂದು ಹೊರೆ ಕೊಡಬೇಕು. ಕೊಟ್ಟರೆ ನಾನು ಈಗಲೂ ಆ ಗುಡ್ಡದವನು. ಕೊಡದಿದ್ದರೆ ಬರಿಯ ಟೊಪ್ಪಿ ಹಾಕಿಕೊಂಡ ಒಬ್ಬ ಮನುಷ್ಯ.

"ಪಪ್ಪ, ನೀವು ಟೂರಿಸ್ಟ್ ಥರ ಕಾಣ್ತಿದ್ದೀರಿ" ಎಂದಳು ಅನ್ವಿತಾ, ರಿಕ್ಷಾದಿಂದ ಇಳಿಯುತ್ತಲೇ.

ಗಿರಣಿ ಇತ್ತು. ಮುದುಕ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಫೋಟೋದಲ್ಲಿದ್ದ, ರೆಪ್ಪೆಯಲ್ಲಿ ಹಿಟ್ಟಿಲ್ಲದ ಕಾರಣ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಅವನ ಸೊಸೆ ಕುಳಿತಿದ್ದಳು. ಕಟ್ಟೆಯ ಮೇಲೆ ಒಂದು ಸ್ಕೂಟರು, ಎರಡು ಗುಲಾಬಿ ಕುಂಡ. ಪಕ್ಕದಲ್ಲಿ ಏಳೆಂಟು ಜನ ವಿದೇಶದವರನ್ನು ನಿಲ್ಲಿಸಿಕೊಂಡು ಗೈಡ್ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ನನ್ನನ್ನು ನೋಡಿ, "ಸರ್, ನೀವು ನಮ್ಮ ಗ್ರೂಪಾ? ತಡವಾಯಿತು" ಎಂದಳು. ನಾನು ಕೇಳದವನಂತೆ ಗಿರಣಿಯ ಮುಂದೆ ನಿಂತೆ. ಎರಡೂ ಕೈಗಳನ್ನು ಸ್ವಲ್ಪ ಮುಂದೆ ಮಾಡಿ, ಖಾಲಿ ಇರುವುದು ಚೆನ್ನಾಗಿ ಕಾಣುವಂತೆ ನಿಂತೆ. ಸೊಸೆ ಎದ್ದು ಬಂದು ಒಂದು ತಣ್ಣಗಿನ ನೀರಿನ ಬಾಟಲಿ ಕೈಗಿಟ್ಟಳು. "ತಗೊಳ್ಳಿ ಸರ್, ಮೇಲೆ ಸೆಕೆ ಜಾಸ್ತಿ."

ನನಗೆ ತಡೆಯಲಿಲ್ಲ. "ಮೇಲಿನ ಮನೆಯವರದ್ದು ಏನಾದರೂ ಸಾಮಾನಿದ್ದರೆ ಕೊಡಮ್ಮಾ, ನಾನು ಹೇಗೂ ಹೋಗುವವನು" ಎಂದೆ, ಇದ್ದಬದ್ದ ಮರಾಠಿಯಲ್ಲಿ. ಅವಳಿಗೆ ಅರ್ಥವಾಗಲಿಲ್ಲ. ನೀರಿಗೆ ಪೈಪು ಬಂದಿದೆ, ಗ್ಯಾಸಿನವನು ತಾನೇ ಹತ್ತುತ್ತಾನೆ, ಉಳಿದದ್ದೆಲ್ಲ ಫೋನಿನಲ್ಲಿ ತರಿಸುತ್ತಾರೆ ಎಂದಳು. ಹಳೆಯ ಕಟ್ಟೆಯ ವಿಷಯ ಹೇಳಿದೆ. ಮಾವ ಹೇಳುತ್ತಿದ್ದದ್ದು ನೆನಪಿದೆ ಎಂದು ನಕ್ಕಳು. ನಕ್ಕರೂ ಕೊಡಲಿಲ್ಲ. ನಾನು ಅಲ್ಲಿಂದ ಕದಲಲಿಲ್ಲ. ಹಿಂದಿನಿಂದ ಅನ್ವಿತಾ ಶರ್ಟು ಎಳೆಯುತ್ತಿದ್ದಳು. "ಪಪ್ಪ ಪ್ಲೀಸ್, ಎಲ್ಲರೂ ನೋಡ್ತಿದ್ದಾರೆ." ಕೊನೆಗೆ ಆ ಹೆಂಗಸು ನನ್ನಿಂದ ಬಿಡುಗಡೆ ಆದರೆ ಸಾಕೆಂದು ಮೂಲೆಯಿಂದ ಒಂದು ಡಬ್ಬ ತೆಗೆದಳು. "ಬಂಡೆಯ ಹತ್ತಿರದ ಸರೂಬಾಯಿಯ ಹಿಟ್ಟು. ಅವಳೇ ಬಂದು ಒಯ್ಯುತ್ತಾಳೆ, ಆದರೂ ನಿಮಗೆ ಅಷ್ಟೊಂದು ಇಷ್ಟವಿದ್ದರೆ."

ಸರೂಬಾಯಿ. ನಮ್ಮ ಖೋಲಿಯ ನೆರೆಯವಳು. ಹಿಟ್ಟು ಒಂದು ಚಿಟಿಕೆ ಚೆಲ್ಲಿದರೂ ಇಡೀ ಗುಡ್ಡಕ್ಕೆ ಕೇಳುವ ಹಾಗೆ ಬೈಯುತ್ತಿದ್ದವಳು. ಡಬ್ಬವನ್ನು ಹೆಗಲಿಗೇರಿಸಿದೆ. ಮಗಳ ಎದುರು ಆ ಹೊತ್ತಿಗೆ ನಾನು ಆಡಿದ ಬಡಾಯಿಯ ಮಾತುಗಳನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಮ್ಮ ಕಾಲದಲ್ಲಿ ಎರಡೆರಡು ಹೊರುತ್ತಿದ್ದೆವು ಎಂದದ್ದು ಮೊದಲ ತಿರುವಿನಲ್ಲಿ. ಎರಡನೆಯ ತಿರುವಿನಲ್ಲಿ ಮಾತು ನಿಂತಿತು. ಮೂರನೆಯದರಲ್ಲಿ ಬಲಮಂಡಿ ತನ್ನ ಅಭಿಪ್ರಾಯ ಹೇಳತೊಡಗಿತು. "ಕೊಡಿ ಪಪ್ಪ, ನಾನು ಹಿಡೀತೇನೆ." "ನಿನಗೆ ಅಭ್ಯಾಸ ಇಲ್ಲ." "ನಿಮಗೆ ಉಂಟಾ?" ಎಂದಳು. ನಾನು ಡಬ್ಬವನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ.

ಆಗ ಮೇಲಿನಿಂದ ಒಬ್ಬಳು ಮುದುಕಿ ಮೆಟ್ಟಿಲ ಬದಿಗೆ ಹಾಕಿದ ಕಬ್ಬಿಣದ ಸರಳು ಹಿಡಿದು ಇಳಿಯುತ್ತಾ ಬಂದಳು. ನನ್ನನ್ನು ನೋಡಿದಳು, ಡಬ್ಬ ನೋಡಿದಳು. "ಏ ಬಾಬಾ, ನನ್ನ ಡಬ್ಬ ಎಲ್ಲಿಗೆ ಒಯ್ಯುತ್ತಿದ್ದೀ?" ಮರಾಠಿಯಲ್ಲಿ, ಅದೇ ಇಡೀ ಗುಡ್ಡಕ್ಕೆ ಕೇಳುವ ದನಿಯಲ್ಲಿ. ನಾಲ್ಕು ಕಿಟಕಿಗಳು ತೆರೆದವು. ಕರಿ ಕನ್ನಡಕ ಹಾಕಿದವನೊಬ್ಬ ಮುದುಕಿಯ ಹಿಟ್ಟು ಕದ್ದುಕೊಂಡು ಹೋಗುತ್ತಿದ್ದಾನೆ ಎಂಬ ಸುದ್ದಿ ಹಬ್ಬುವಷ್ಟರಲ್ಲಿ ಅನ್ವಿತಾ ತನ್ನ ಬ್ಯಾಂಕಿನ ಹಿಂದಿಯಲ್ಲಿ ವಿಷಯ ತಿಳಿಸಿದಳು. ಮುದುಕಿ ಪೂರ್ತಿ ಕೇಳಿ, ನನ್ನ ಹೆಗಲಿನಿಂದ ಡಬ್ಬ ತೆಗೆದು ತನ್ನ ಸೊಂಟಕ್ಕಿಟ್ಟುಕೊಂಡು, ಹಿಂತಿರುಗಿ ಹತ್ತತೊಡಗಿದಳು. ನಾನು ಬದಿಯ ಸರಳು ಹಿಡಿದುಕೊಂಡು ಅವಳ ಹಿಂದೆ ಹೋದೆ, ಖಾಲಿ ಕೈಯಲ್ಲಿ.

ಅವಳು ಚಹಾ ಮಾಡಿಕೊಟ್ಟಳು. ನಮ್ಮ ತಗಡಿನ ಖೋಲಿ ಇದ್ದಲ್ಲಿ ಈಗ ಒಂದು ಅಂತಸ್ತಿನ ಗುಲಾಬಿ ಮನೆ, ಅದರ ಮಾಡಿನ ಮೇಲೆ ಎ.ಸಿ.ಯ ಹೊರಗಿನ ಯೂನಿಟ್ಟು. ಅದನ್ನು ಕೂರಿಸಿದ ರೀತಿ ಸರಿಯಿರಲಿಲ್ಲ, ಆದರೆ ನಾನು ಅದನ್ನು ಹೇಳಲು ಬಂದವನಲ್ಲ. ಬಂಡೆಯ ಪಕ್ಕದ ಖೋಲಿಯಲ್ಲಿದ್ದೆ, ಫ್ರಿಜ್ ರಿಪೇರಿಗೆ ಹೋಗುತ್ತಿದ್ದೆ, ನಿನ್ನ ಹಿಟ್ಟು ಎಷ್ಟು ಸಲ ತಂದಿದ್ದೇನೆ ಎಂದೆ.

ಸರೂಬಾಯಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಟೊಪ್ಪಿ ತೆಗೆದೆ. ಕನ್ನಡಕವನ್ನೂ ತೆಗೆದೆ. ಅವಳು ತಲೆ ಅಲ್ಲಾಡಿಸಿದಳು. "ಆ ಖೋಲಿಗೆ ಮದ್ರಾಸಿ ಹುಡುಗರು ಬರುತ್ತಿದ್ದರು, ಹೋಗುತ್ತಿದ್ದರು. ಒಬ್ಬ ಎದ್ದರೆ ಅವನ ಚಾಪೆಗೆ ಇನ್ನೊಬ್ಬ. ಯಾರು ಯಾರೆಂದು ನೆನಪಿಡಲಿ? ಡಬ್ಬ ಬರುತ್ತಿತ್ತು, ಅಷ್ಟೆ."

ನಾನು ಹೊಸ್ತಿಲಲ್ಲಿ ಕುಳಿತೆ. ಕೆಳಗೆ ಇಡೀ ಊರು ಹರಡಿತ್ತು, ಗಾಳಿ ಮಾತ್ರ ಮೊದಲಿನದೇ. ಆಗ ಇಲ್ಲೇ ಕುಳಿತು ಎಲ್ಲಿಗಾದರೂ ಹೋಗಬೇಕು ಎಂದುಕೊಳ್ಳುತ್ತಿದ್ದೆ. ಹೋದೆ, ಸೇರಿದೆ, ದುಡಿದೆ, ಯಾರ ಮುಂದೆಯೂ ಕೈ ಚಾಚಲಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ನಾನು ಯಾವ ಗಳಿಗೆಗೆ ಹಿಂತಿರುಗಬೇಕೆಂದು ಹಂಬಲಿಸಿದೆನೋ ಅದರಲ್ಲಿ ನನ್ನ ಮುಖವೇ ಇರಲಿಲ್ಲ, ಬರೀ ಒಂದು ಜತೆ ಹೆಗಲಿತ್ತು. ಅನ್ವಿತಾ ಪಕ್ಕದಲ್ಲಿ ಬಂದು ಕುಳಿತಳು. ಅವಳು ಹೀಗೆ ಫೋನ್ ನೋಡದೆ ನನ್ನ ಜತೆ ಕೊನೆಯ ಸಲ ಕುಳಿತದ್ದು ಯಾವಾಗ ಎಂದು ನೆನಪಾಗಲಿಲ್ಲ.

ಹೊರಡಲು ಎದ್ದೆವು. ನಮಸ್ಕಾರ ಮಾಡಿದೆ. ಒಳಗೆ ಹೋದ ಸರೂಬಾಯಿ ಇನ್ನೊಂದು ಡಬ್ಬ ತಂದು, ಕೇಳದೆ ಹೇಳದೆ ನನ್ನ ಹೆಗಲಿಗೆ ಇಟ್ಟಳು. "ಜೋಳ. ಗಿರಣಿಗೆ ಹಾಕಿ ಹೋಗು. ಸಣ್ಣಗೆ ಬೀಸಲು ಹೇಳು. ಚೆಲ್ಲಬೇಡ."

ಗುರುತಿಲ್ಲದವನಿಗೆ ಯಾರಾದರೂ ಹೀಗೆ ಹೇಳುತ್ತಾರೆಯೇ? ಬಹುಶಃ ಹೇಳುತ್ತಾರೆ. ಅವಳಿಗೆ ಹೆಗಲು ಗುರುತಿದ್ದರೆ ಸಾಕಿತ್ತೇನೋ. ನಾನು ಇಳಿದೆ. ಬೂಟು ಜಾರಿತೆಂದು ಬಿಚ್ಚಿ, ಟೊಪ್ಪಿ ಕನ್ನಡಕದ ಜತೆಗೆ ಮಗಳ ಕೈಗೆ ಕೊಟ್ಟೆ, ಪ್ಯಾಂಟು ಮಡಚಿದೆ. ಬೆವರಿನಿಂದ ಶರ್ಟು ಬೆನ್ನಿಗಂಟಿತ್ತು. ಎರಡನೆಯ ತಿರುವಿನಲ್ಲಿ ಅದೇ ವಿದೇಶಿಯರ ಗುಂಪು ಎದುರಾಯಿತು. ಗೈಡ್ ಹೆಂಗಸು ಅವರನ್ನು ಗೋಡೆಗೆ ಸರಿಸಿ ದಾರಿ ಬಿಡಿಸಿದಳು. ಬೆಳಿಗ್ಗೆ ನನ್ನನ್ನು ತನ್ನ ಗುಂಪಿಗೆ ಸೇರಿಸಲು ಹೊರಟವಳೇ ಈಗ ಅವರಿಗೆ, ಇಲ್ಲಿನ ನಿವಾಸಿಗಳ ಫೋಟೋ ತೆಗೆಯುವ ಮೊದಲು ದಯವಿಟ್ಟು ಒಪ್ಪಿಗೆ ಕೇಳಿ ಎಂದಳು. ಬಿಳಿಕೂದಲಿನ ಒಬ್ಬಾಕೆ ಮುಂದೆ ಬಂದು, ತೆಗೆಯಬಹುದೇ ಎಂದು ಕೈಸನ್ನೆಯಲ್ಲಿ ಕೇಳಿದರು.

ನಾವು ಇಲ್ಲಿನವರಲ್ಲ ಎನ್ನಲು ಅನ್ವಿತಾ ಬಾಯಿ ತೆರೆದಳು. ನಾನು ಕಣ್ಣಿನಲ್ಲೇ ತಡೆದೆ. ಡಬ್ಬ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಂತೆ. ನಮ್ಮ ಮದುವೆಯ ಫೋಟೋದಲ್ಲೂ ನಾನು ಅಷ್ಟು ಚೆನ್ನಾಗಿ ನಿಂತಿರಲಿಲ್ಲ ಎಂದು ಮಗಳು ಮನೆಗೆ ಬಂದು ತಾಯಿಗೆ ಹೇಳಿದಳು. "ನಾನು ಬಾರದ್ದು ಒಳ್ಳೇದಾಯ್ತು" ಎಂದಳು ವಿನೋದ.

ಈಗ ನನ್ನ ಬಳಿ ಸನದಿನಲ್ಲಿ ಒಂದು ಎ.ಸಿ. ಅಂಗಡಿ ಇದೆ, ಆರು ಜನ ಕೆಲಸದವರಿದ್ದಾರೆ, ಒಂದು ವ್ಯಾನು, ಬುಸೈತೀನಿನಲ್ಲಿ ಬಾಡಿಗೆಯ ಫ್ಲಾಟು, ಒಬ್ಬ ಹೆಂಡತಿ, ಒಬ್ಬ ಮಗಳು, ಎರಡು ಮಂಡಿ, ಅದರಲ್ಲಿ ಒಂದಕ್ಕೆ ಪಟ್ಟಿ. ಆ ಫೋಟೋ ಇಲ್ಲ. ಅದು ಯಾವುದೋ ದೇಶದ ಯಾರದೋ ಫೋನಿನಲ್ಲಿದೆ.