ಏಳನೆಯ ಕೋಟಿನ ಎಡತೋಳನ್ನು ಬರಿಗೈಯಲ್ಲಿ ಮುಟ್ಟುವ ಬಗ್ಗೆ

ಇಂದ,
ಸದಸ್ಯ ಸಂಖ್ಯೆ ೪೧,
ಮುಚ್ಚಿದ ದರ್ಜಿ ಅಂಗಡಿಯ ಮೇಲಿನ ಮನೆ
(ಸದಸ್ಯತ್ವದ ಅರ್ಜಿಯಲ್ಲಿ ‘ಜವಳಿ ಉದ್ಯಮಿಗಳ ನಿವಾಸ’ ಎಂದು ನಮೂದಿಸಿದ್ದೆ)

ಗೆ,
ಕಾರ್ಯದರ್ಶಿಗಳು,
ಪ್ರಾಚೀನ ಬ್ರಿಟಿಷ್ ಸೇನಾ ಸಮವಸ್ತ್ರ ಸಂಗ್ರಾಹಕರ ಸಂಘ

ಮಾನ್ಯರೇ,

ವಿಷಯ: ನನ್ನ ಸಂಗ್ರಹದ ಏಳನೆಯ ಕೋಟಿನ ಎಡತೋಳನ್ನು ಬಿಚ್ಚಿ ಹೊಲಿಯಲು ಮೂಲ ತಯಾರಕರಿಗೆ ಅನುಮತಿ ಕೋರಿ.

ಉಲ್ಲೇಖ: (ಅ) ಸಂಘದ ನಿಯಮ ೧೪, ಬಿಳಿ ಕೈಗವಸು ಕುರಿತು. (ಆ) ಸದರಿ ಕೋಟಿಗೆ ಸಂಘ ನೀಡಿದ ಪ್ರಾಚೀನತೆಯ ಪ್ರಮಾಣಪತ್ರ. (ಇ) ಕಳೆದ ಭಾನುವಾರ ನನ್ನ ತಂದೆಯವರ ಮೌಖಿಕ ಹೇಳಿಕೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಬ್ರಿಟಿಷ್ ಅಧಿಕಾರಿಗಳು ಔತಣಕ್ಕೂ ಕವಾಯತಿಗೂ ತೊಡುತ್ತಿದ್ದ ಕೋಟುಗಳನ್ನು ನಾನು ಹನ್ನೊಂದು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ಈಗ ಒಂಬತ್ತು ಇವೆ. ಪದವಿ ಮುಗಿದ ಮೇಲೆ ಮನುಷ್ಯರಿಗಿಂತ ಖಾಲಿ ಕೋಟುಗಳ ಜೊತೆ ಕೂರುವುದು ನನಗೆ ಸುಲಭವಾಯಿತು. ಕಾರಣ, ಅವು ಮುಂದೇನು ಮಾಡುತ್ತೀ ಎಂದು ಕೇಳುವುದಿಲ್ಲ.

೧. ನನ್ನ ತಂದೆ ದರ್ಜಿ. ಮೊದಲ ಕೋಟು ಮನೆಗೆ ಬಂದ ದಿನ ಅವರು ಕೈ ಚಾಚಿದಾಗ ನಾನು, “ಅಪ್ಪಾ, ಬರಿಗೈಲಿ ಮುಟ್ಟಬೇಡ. ಬೆವರು ತಾಗಿದ್ರೆ ಜರಿ ಕಪ್ಪಾಗುತ್ತೆ, ಸಂಘದ ನಿಯಮ ಇದೆ” ಎಂದಿದ್ದೆ. ಅಂದಿನಿಂದ ಅವರು ನನ್ನ ಕೋಣೆಯ ಬಾಗಿಲಲ್ಲಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಹೊಸ್ತಿಲು ದಾಟಿಲ್ಲ. ನಾನೂ ಕರೆದಿಲ್ಲ.

೨. ಏಳನೆಯ ಕೋಟು ನಾಲ್ಕು ವರ್ಷಗಳ ಹಿಂದೆ ಹಳೇ ಬಟ್ಟೆಯ ಅಂಗಡಿಯಲ್ಲಿ ಸಿಕ್ಕಿದ್ದು ತಮಗೆ ತಿಳಿದೇ ಇದೆ. ಸಂಘದ ತಜ್ಞರು (ಸದಸ್ಯರೆಲ್ಲ ಪ್ರೀತಿಯಿಂದ ‘ಭೂತಗನ್ನಡಿ’ ಎನ್ನುವವರು) ಮನೆಗೆ ಬಂದು ಊಟದ ಕೋಣೆಯಲ್ಲಿ ಮೂರು ಗಂಟೆ ಪರಿಶೀಲಿಸಿ, ಕೋಟಿಗೆ ನೂರೈವತ್ತು ವರ್ಷವೆಂದೂ, ಬಟ್ಟೆಯಲ್ಲಿ ಇನ್ನೂ ಮದ್ದಿನ ಹೊಗೆಯ ವಾಸನೆಯಿದೆಯೆಂದೂ, ಇಂಥ ಕತ್ತುಪಟ್ಟಿ ಹೊಲಿಯುವ ಕೈ ಇನ್ನು ಹುಟ್ಟುವುದಿಲ್ಲವೆಂದೂ ಬರೆದುಕೊಟ್ಟರು. ಆಗ ಚಹಾ ತಂದವರು ನನ್ನ ತಂದೆ. ತಜ್ಞರು ತಲೆಯೆತ್ತದೆ, “ಯಜಮಾನ್ರೇ, ಲೋಟ ದೂರ ಇಡಿ, ಚೆಲ್ಲಿದ್ರೆ ಇತಿಹಾಸಾನೇ ಹೋಗುತ್ತೆ” ಎಂದರು. ತಂದೆ ಲೋಟವನ್ನು ದೂರ ಇಟ್ಟರು.

೩. ಸದರಿ ಕೋಟಿನ ಎಡತೋಳು ಸ್ವಲ್ಪ ಹಿಂದಕ್ಕೆ ತಿರುಗಿದೆ. ಇದನ್ನು ತೊಟ್ಟಿದ್ದ ಕ್ಯಾಪ್ಟನ್ನನ ಭುಜಕ್ಕೆ ಕತ್ತಿಯೇಟು ಬಿದ್ದಿರಬೇಕೆಂದು ತಜ್ಞರು ಊಹಿಸಿದರು. ಆ ಊಹೆಯ ಆಧಾರದ ಮೇಲೆ ನಾನು ಹನ್ನೊಂದು ಪುಟಗಳ ಪ್ರಬಂಧ ಬರೆದೆ. ಗಾಯಗೊಂಡ ಕ್ಯಾಪ್ಟನ್ನನ ಮೌನದ ಕುರಿತೇ ಅದರಲ್ಲಿ ನಾಲ್ಕು ಪುಟಗಳಿವೆ. ಸಂಘ ಅದಕ್ಕೆ ಪದಕ ನೀಡಿತು.

೪. ಮುಂದಿನ ತಿಂಗಳ ಪ್ರದರ್ಶನಕ್ಕೆಂದು ಕೋಟನ್ನು ಹೊರತೆಗೆದಾಗ ಕತ್ತುಪಟ್ಟಿಗೆ ನುಸಿ ಹಿಡಿದಿತ್ತು. ಆದ್ದರಿಂದ ಎರಡಂಗುಲ ಬಿಚ್ಚಿದೆ. ಒಳಗೆ ಕತ್ತುಪಟ್ಟಿಯನ್ನು ಸೆಟೆದು ನಿಲ್ಲಿಸುವ ಬಕ್ರಂ ಇರಬೇಕಾದಲ್ಲಿ ಹಸಿರು ಚೌಕಳಿಯ ಬಟ್ಟೆಯಿತ್ತು. ಅದೇ ಚೌಕಳಿಯ ಅಂಗಿ ತೊಟ್ಟು, ಮೂರು ವರ್ಷದ ನಾನು ಹೊಲಿಗೆ ಯಂತ್ರದ ಮೇಲೆ ಕೂತಿರುವ ಫೋಟೋ ಊಟದ ಕೋಣೆಯ ಗೋಡೆಯ ಮೇಲಿದೆ.

೫. ಭಾನುವಾರ ಬೆಳಿಗ್ಗೆ ಕೋಟನ್ನು ಬಾಗಿಲಿಗೆ ಒಯ್ದು ಕೇಳಿದೆ. ತಂದೆ ಹೇಳಿದ್ದಿಷ್ಟು: ಒಂದು ನಾಟಕ ಕಂಪನಿಗೆ ಬಿಳಿ ದೊರೆಯ ವೇಷ ಬೇಕಿತ್ತು, ಒಂದು ಹಳೆಯ ಚಿತ್ರ ನೋಡಿ ತಾವೇ ಹೊಲಿದರು, ಬಕ್ರಂ ಸಾಲಲಿಲ್ಲ. ದೊರೆ ಪ್ರತಿ ಪ್ರದರ್ಶನದಲ್ಲೂ ಪಟಾಕಿಯ ಪಿಸ್ತೂಲು ಹಾರಿಸುತ್ತಿದ್ದನಂತೆ. ಕಂಪನಿ ಮುಚ್ಚಿದ ಮೇಲೆ ವೇಷದ ಪೆಟ್ಟಿಗೆ ಹಳೇ ಬಟ್ಟೆಯವರ ಪಾಲಾಯಿತು. ತಜ್ಞರ ಮುಂದೆ ಇದನ್ನೇಕೆ ಹೇಳಲಿಲ್ಲ ಎಂದೆ.

“ಅವರು ಅಷ್ಟೊಂದು ಹೊಗಳ್ತಾ ಇದ್ರಲ್ಲ. ಮಧ್ಯ ಬಾಯಿ ಹಾಕಿದ್ರೆ ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ.”

ಎಡತೋಳಿನ ವಿಚಾರ ಕೇಳಿದೆ.

“ನಿನಗೆ ಜ್ವರ ಇತ್ತು ಕಣೋ. ತೊಡೆ ಬಿಟ್ಟು ಇಳೀತಾನೇ ಇರ್ಲಿಲ್ಲ. ಒಂದು ಕೈಲಿ ನಿನ್ನ ಹಿಡ್ಕೊಂಡು ತೋಳು ಕೂರಿಸ್ದೆ, ತಿರುಗಿಬಿಡ್ತು. ಬೆಳಿಗ್ಗೆನೇ ಕಂಪನಿಯವರು ಬಂದು ತಗೊಂಡು ಹೋದ್ರು. ಅದೊಂದು ಸರಿ ಮಾಡಿಬಿಟ್ಟಿದ್ರೆ ಚೆನ್ನಾಗಿತ್ತು.”

ಮಾಡು ಎಂದು ಕೋಟನ್ನು ಅವರತ್ತ ಚಾಚಿದೆ. ಕೈಗಳು ಬೆನ್ನ ಹಿಂದಿನಿಂದ ಬರಲಿಲ್ಲ.

“ನಿಮ್ಮ ಸಂಘದವರನ್ನ ಒಂದು ಮಾತು ಕೇಳಪ್ಪ ಮೊದ್ಲು. ನಿಯಮ ಇದೆ ಅಂದಿದ್ದೆಯಲ್ಲ.”

ಅದು ವಿಧೇಯತೆಯೋ, ಹನ್ನೊಂದು ವರ್ಷ ಕಾದು ಕೊಟ್ಟ ಉತ್ತರವೋ ಎಂಬುದನ್ನು ನಿರ್ಧರಿಸಲು ನನಗೆ ಸಾಧ್ಯವಾಗಿಲ್ಲ. ಆದಕಾರಣ ಈ ಅರ್ಜಿ.

೬. ತಂದೆಯವರ ಬಲಗೈ ಈ ವರ್ಷದಿಂದ ನಡುಗುತ್ತಿದೆ. ಇನ್ನು ಕೆಲವು ತಿಂಗಳಲ್ಲಿ ಸೂಜಿ ನಿಲ್ಲಲಾರದೆಂದು ವೈದ್ಯರು ತಿಳಿಸಿದ್ದಾರೆ. ಸಂಘದ ಮುಂದಿನ ಸಭೆ ಆರು ತಿಂಗಳ ನಂತರವಿದೆ. ಆದ್ದರಿಂದ ವಿಷಯವನ್ನು ಸಭೆಯವರೆಗೆ ಕಾಯಿಸಬಾರದಾಗಿ ವಿನಂತಿ.

೭. ಪ್ರಮಾಣಪತ್ರವನ್ನು ರದ್ದುಪಡಿಸಬೇಕೆಂದರೆ ನನ್ನ ಆಕ್ಷೇಪವಿಲ್ಲ. ಆದರೆ ಇಂಥ ಕೈ ಇನ್ನು ಹುಟ್ಟುವುದಿಲ್ಲ ಎಂಬ ವಾಕ್ಯವನ್ನು ಉಳಿಸಿಕೊಳ್ಳಬಹುದು. ಅದರಲ್ಲಿ ತಪ್ಪೇನೂ ಕಂಡುಬಂದಿಲ್ಲ.

ಆದ್ದರಿಂದ ತಾವು ದಯಮಾಡಿ ನನ್ನ ತಂದೆಯವರು ಸದರಿ ಕೋಟನ್ನು ಎರಡು ದಿನ ಕೈಗವಸಿಲ್ಲದೆ ಮುಟ್ಟಲು ಲಿಖಿತ ಅನುಮತಿ ನೀಡಬೇಕು. ನಿಯಮವನ್ನು ಪೂರ್ತಿ ಸಡಿಲಿಸಲು ಅಡ್ಡಿಯಿದ್ದಲ್ಲಿ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿಗಾದರೂ ವಿನಾಯಿತಿ ದಯಪಾಲಿಸಬೇಕು. ಅನುಮತಿಯಲ್ಲಿ ಮೊಹರು ಸ್ಪಷ್ಟವಾಗಿರಲಿ. ಅವರು ಓದಿ ನೋಡುತ್ತಾರೆ.

ಪದಕವನ್ನು ಹಿಂದಿರುಗಿಸಲು ಸಿದ್ಧನಿರುವ,
ತಮ್ಮ ವಿಶ್ವಾಸಿ,
ಸದಸ್ಯ ಸಂಖ್ಯೆ ೪೧, ದರ್ಜಿಯ ಮಗ

ಲಗತ್ತುಗಳು:
೧. ಹಸಿರು ಚೌಕಳಿಯ ಬಟ್ಟೆ, ಒಂದು ಚೂರು (ದಯವಿಟ್ಟು ಹಿಂದಿರುಗಿಸುವುದು)
೨. ಫೋಟೋದ ನಕಲು
೩. ವೈದ್ಯರ ಪತ್ರ
೪. ಗಾಯಗೊಂಡ ಕ್ಯಾಪ್ಟನ್ನನ ಕುರಿತ ಪ್ರಬಂಧ, ಹನ್ನೊಂದು ಪುಟ (ಹಿಂದಿರುಗಿಸುವ ಅಗತ್ಯವಿಲ್ಲ)

ವಿ.ಸೂ.: ಮರುಪರಿಶೀಲನೆಗೆ ತಜ್ಞರು ಮನೆಗೆ ಬರುವುದಾದರೆ ಮುಂಚಿತವಾಗಿ ತಿಳಿಸಬೇಕು. ನನ್ನ ಕೋಣೆಯಲ್ಲಿರುವುದು ಒಂದೇ ಕುರ್ಚಿ, ಅದರಲ್ಲಿ ತಂದೆಯವರು ಕೂತಿರುತ್ತಾರೆ. ಈ ಸಲ ಚಹಾ ನಾನು ತರುತ್ತೇನೆ.